ಬೆಟ್ಟಕ್ಕೆ ತಪ್ಪಿದ ಅಳತೆ

ಬೆಟ್ಟದ ಮರಗಳ ಎರಡನೇ ಕಡಿತಕ್ಕೆ ಅಪ್ಪಣೆ ಸಿಕ್ಕಿತು ಎಂದು ಗಂಡ ಮೋಟಾರು ಗರಗಸದ ಸರಪಳಿಗೆ ಎಣ್ಣೆ ಬಿಡುತ್ತ ಹೇಳಿದಾಗ ಟೇಪಕ್ಕ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು.

"ಈಗಲೇ? ಇನ್ನೂ ಎಷ್ಟೋ ವರ್ಷ ಬೇಕು ಅಂದಿದ್ರಲ್ಲ."

"ಕಾಡು ಬೇಗ ಚೇತರಿಸಿಕೊಂಡಿದೆಯಂತೆ. ನಿನ್ನ ಅಳತೇನೇ ಹೇಳ್ತಂತೆ. ಖುಷಿ ಪಡೋದು ಬಿಟ್ಟು ಹುಳ ನುಂಗಿದೋಳ ಹಾಗೆ ಕೂತಿದ್ದೀಯಲ್ಲೇ."

ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಆ ಬೆಟ್ಟದ ದೊಡ್ಡ ದೊಡ್ಡ ಮರಗಳನ್ನಷ್ಟೇ ಆರಿಸಿ ಕಡಿದಿದ್ದರು. ಮರಗಳ ಜೊತೆ ಅವುಗಳ ಮೈಯಲ್ಲಿದ್ದ ಇಂಗಾಲವೂ ಹೋಯಿತು. ಉಳಿದವು ಬೆಳೆದು ಅಷ್ಟನ್ನೂ ಮತ್ತೆ ತುಂಬಿಕೊಳ್ಳುವ ತನಕ ಗರಗಸ ಬೆಟ್ಟ ಹತ್ತಬಾರದು ಎಂಬುದು ನಿಯಮ. ಇಡೀ ಬೆಟ್ಟ ಅಳೆಯಲು ಆಗುವುದಿಲ್ಲವಲ್ಲ. ಒಂದು ತುಂಡು ಕಾಡಿಗೆ ತಂತಿ ಸುತ್ತಿ, ಒಳಗಿನ ಮರಗಳಿಗೆ ಎದೆಮಟ್ಟದಲ್ಲಿ ಬಿಳಿ ಬಳೆ ಬಳಿದು, ವರ್ಷವರ್ಷ ಟೇಪು ಹಿಡಿದು ಸುತ್ತಳತೆ ಬರೆಯಲು ಅರಣ್ಯ ಆಫೀಸಿನವರು ಇವಳನ್ನು ಇಟ್ಟುಕೊಂಡರು. ಅಂದಿನಿಂದ ಊರಿಗೆಲ್ಲ ಇವಳು ಟೇಪಕ್ಕ.

ದೊಡ್ಡ ಮರ ಬಿದ್ದ ಕಡೆ ಬಿಸಿಲು ಬೀಳುತ್ತದೆ, ಬಿಸಿಲು ಬಿದ್ದ ಕಡೆ ಬಳ್ಳಿಗೆ ಹುಚ್ಚು ಹಿಡಿಯುತ್ತದೆ. ಉಳಿದ ಮರದ ನೆತ್ತಿಗೇರಿ ಉಸಿರು ಕಟ್ಟಿಸುತ್ತದೆ. ಟೇಪಕ್ಕನಿಗೆ ನೋಡಲಾಗುತ್ತಿರಲಿಲ್ಲ. ಅಳೆಯಲು ಹೋದಾಗಲೆಲ್ಲ, ಮಗುವಿನ ತಲೆಯ ಸಿಕ್ಕು ಬಿಡಿಸಿದಂತೆ, ತನ್ನ ಮರಗಳ ಬಳ್ಳಿ ಕಡಿದು ಬಿಡಿಸಿ ಬರುತ್ತಿದ್ದಳು. ತಂತಿಯಾಚೆಗಿನವು ಅವಳ ಮರಗಳಲ್ಲ.

ಕೈ ಕೂಡ ಒರೆಸಿಕೊಳ್ಳದೆ ಆಫೀಸಿಗೆ ಓಡಿದಳು.

"ಸಾರ್, ನನ್ನ ಮರ ನೋಡಿ ಬೆಟ್ಟಕ್ಕೆಲ್ಲ ಲೆಕ್ಕ ಹಾಕಬೇಡಿ. ಅವನ್ನ ನಾನು ಸಾಕಿದ್ದೀನಿ."

"ಸಾಕೋದಕ್ಕೆ ಅವೇನು ಕೋಳೀನಾ?" ಸಾಹೇಬರು ನಕ್ಕರು.

ಬಳ್ಳಿಯ ವಿಷಯ ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಳ್ಳೇದು ಮಾಡೋಕೆ ಹೋಗಿ ನನ್ನ ಕುತ್ತಿಗೆಗೆ ತಂದ್ಯಲ್ಲಮ್ಮ."

"ನಿಲ್ಲಿಸಿ ಸಾರ್."

"ಬಾಯಿಮಾತಿಗೆ ನಿಲ್ಲುತ್ತಾ? ತಂತಿ ಹೊರಗಿನ ಮರಗಳ ಅಳತೆ ತಾ, ಮೇಲಕ್ಕೆ ಕಳಿಸ್ತೀನಿ. ನಾಳೆ ಕಡಿಯೋದು ಶುರು. ಆಮೇಲೆ ನಿನ್ನಿಷ್ಟ."

ಬೆಳಿಗ್ಗೆ ಗಂಡ ಹೆಂಡತಿ ಒಂದೇ ದಾರಿಯಲ್ಲಿ ಬೆಟ್ಟ ಹತ್ತಿದರು. ಅವನ ಹೆಗಲಲ್ಲಿ ಗರಗಸ, ಅವಳ ಸೊಂಟದಲ್ಲಿ ಟೇಪು.

"ನೀನು ಗೆದ್ರೆ ನನ್ನ ಕೆಲಸ ಹೋಯ್ತು," ಎಂದ.

"ಗೊತ್ತು ಕಣ್ರೀ."

"ಗೊತ್ತಿದ್ರೆ ಸರಿ."

ಹೊರಗಿನ ಮರಗಳು ಬಡಕಲಾಗಿದ್ದವು. ಬಳ್ಳಿ ತೊಗಟೆಗೆ ಎಷ್ಟು ಬಿಗಿಯಾಗಿ ಕಚ್ಚಿತ್ತೆಂದರೆ ನಡುವೆ ಬೆರಳು ತೂರಿಸಿ, ಚರ್ಮ ಕಿತ್ತುಕೊಂಡು ಟೇಪು ಎಳೆಯಬೇಕಿತ್ತು. ಒಂದು ಮರ ಮುಗಿಯುವಷ್ಟರಲ್ಲಿ ಕೆಳಗೆ ಮೂರು ಗರಗಸ ಒಟ್ಟಿಗೆ ಕೂಗತೊಡಗಿದವು. ಅಳೆಯದ ಮರಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ಅವಳು ಏದುಸಿರು ಬಿಡುತ್ತ ಮುಂದಿನ ಮರಕ್ಕೆ ಓಡಿದರೆ ಅದರ ಬುಡದಲ್ಲಿ ಗಂಡನೇ ನಿಂತಿದ್ದ. ಗರಗಸ ಇನ್ನೂ ಚಾಲೂ ಮಾಡಿರಲಿಲ್ಲ.

"ಇದೊಂದನ್ನ ಬಿಡ್ರೀ."

"ನಾನು ಬಿಟ್ರೆ ಮೇಸ್ತ್ರಿ ಇನ್ನೊಬ್ಬನನ್ನ ಕಳಿಸ್ತಾನೆ. ಅವನು ನಿನಗೋಸ್ಕರ ಕಾಯಲ್ಲ. ಬೇಗ ಅಳೆ."

ಅವಳು ಕಾಂಡವನ್ನು ತಬ್ಬಿ ಟೇಪು ಸುತ್ತಿದಳು. ಅವನು ಆ ಕಡೆಯಿಂದ ಬಳ್ಳಿ ಎತ್ತಿ ಹಿಡಿದ. ಅಳತೆ ಬರೆದುಕೊಂಡು ಪಕ್ಕಕ್ಕೆ ಸರಿದಳು. ಅವನು ಹಗ್ಗ ಎಳೆದು ಗರಗಸ ಚಾಲೂ ಮಾಡಿದ. ಅದು ಬೀಳುವುದನ್ನು ನೋಡಲು ನಿಲ್ಲದೆ ಅವಳು ಇನ್ನೊಂದರ ಕಡೆ ಓಡಿದಳು.