ತಳದ ಸಕ್ಕರೆ

ಟಣ್ ಎಂದು ಹೊರಗೆ ಬೆಂಚಿನ ಮೇಲೆ ಲೋಟ ಇಟ್ಟ ಸದ್ದು, ಅಮ್ಮನದೇ, ಈ ಆಸ್ಪತ್ರೆಗೆ ಸ್ವಂತ ಲೋಟವನ್ನು ಚೀಲದಲ್ಲಿಟ್ಟುಕೊಂಡು ಬರುವವಳು ಅವಳೊಬ್ಬಳೇ, ಒಳಗೆ ಡಾಕ್ಟರಾದ ಮಗಳು ಸ್ಕ್ಯಾನಿನ ಚಿತ್ರವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು, ಅಮ್ಮನ ಲಿವರಿನ ಬಲಗಡೆ ಕಾಳಿನಷ್ಟು ಕಪ್ಪು ಚುಕ್ಕೆ, ಹಿಂದಿನ ಸಲ ಇರಲಿಲ್ಲ, ಬೇರೆ ಯಾರದ್ದಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಕರೆದು ಕೂರಿಸಿ ಹೇಳಿ ಮುಗಿಸಿರುತ್ತಿದ್ದಳು — ಎದುರಿಗೆ ಲಾರಿ ಡ್ರೈವರ್ ತೋಳು ಚಾಚಿ ಕೂತಿದ್ದಾನೆ, ಅವಳ ಸಂಶೋಧನೆಗೆ ರಕ್ತ ಕೊಡಲು ಒಪ್ಪಿದವನು, ಮೇಡಂ, ಹೆಪಟೈಟಿಸ್ ಬಿ ಅಂದ್ರೆ ಇನ್ಮೇಲೆ ಮಕ್ಕಳ ಜೊತೆ ಒಂದೇ ತಟ್ಟೇಲಿ ಉಣ್ಣೋ ಹಾಗಿಲ್ವಾ, ಧಾರಾಳವಾಗಿ ಉಣ್ಣಿ, ತಟ್ಟೆ ಲೋಟದಿಂದ ಹರಡಲ್ಲ ಇದು, ಬ್ಲೇಡು ಬೇರೆ ಇಟ್ಕೊಳ್ಳಿ, ಹೆಂಡತಿ ಮಕ್ಕಳಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿ, ಅವನ ಮುಖ ಅರಳಿತು, ಇದೇ ಮಾತನ್ನು ಎಷ್ಟು ಜನಕ್ಕೆ ಹೇಳಿಲ್ಲ ಅವಳು, ಎಲ್ಲರೂ ನಂಬುತ್ತಾರೆ, ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಮೊದಲು ಹೀಗಿರಲಿಲ್ಲ. ಅಮ್ಮ ಟೀಯನ್ನು ಕಲಕದೆ ಕುಡಿಯುತ್ತಿದ್ದಳು, ಬೇಕೆಂದೇ, ಕೊನೆಯ ಗುಟುಕಿನ ಜೊತೆ ತಳದ ಸಕ್ಕರೆ ಮಗಳಿಗೆ, ಲೋಟವನ್ನು ಮೂಗಿನ ಮೇಲೆ ಬೋರಲು ಹಾಕಿಕೊಂಡು ನೆಕ್ಕುವುದು, ಲೋಟಾನೂ ನುಂಗಿಬಿಡ್ತೀಯೇನೇ ಕೋತಿ — ಆಮೇಲೆ ಯಾರಿಗೋ ರಕ್ತ ಕೊಡಲು ಹೋದ ಅಮ್ಮ ಕೊಡದೆ ವಾಪಸು ಬಂದಳು, ಅವಳ ರಕ್ತದಲ್ಲೂ ಇದೇ ಹೆಪಟೈಟಿಸ್ ಬಿ, ಮಗಳಿಗೆ ಏನೂ ತಗುಲಿರಲಿಲ್ಲ, ಲಸಿಕೆಯೂ ಆಯಿತು, ಆದರೂ ಅಂದಿನಿಂದ ಅಮ್ಮನ ಲೋಟ ಅಡುಗೆಮನೆಯ ಕಿಟಕಿಯಲ್ಲಿ ಬೇರೆ, ಮುತ್ತು ಕೂಡ ಹಣೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು, ಆ ನಿಂತುಹೋದ ಮುತ್ತು ಈಗಲೂ ಬೇಕು ಅವಳಿಗೆ, ಕೂದಲು ನೆರೆಯುತ್ತಿರುವ ಈ ವಯಸ್ಸಿನಲ್ಲಿ, ನಾಚಿಕೆಯಿಲ್ಲದೆ ಬೇಕು.

ಚಿತ್ರವನ್ನು ಲಕೋಟೆಗೆ ಹಾಕಿ ಹೊರಗೆ ಬಂದಳು, ಹೇಳಬೇಕು, ಚಿಕ್ಕದಿದೆ, ತೆಗೆಯಬಹುದು ಅನ್ನಬೇಕು, ಆದರೆ ಬಾಯಿಗೆ ಬಂದದ್ದು ಬೇರೆ, ಅಮ್ಮಾ, ಒಂದು ಗುಟುಕು ಕೊಡೇ. ಅಮ್ಮ ಲೋಟವನ್ನು ಎದೆಗೆ ಎಳೆದುಕೊಂಡಳು, ಹೋಗೇ ಹುಚ್ಚಿ, ಕ್ಯಾಂಟೀನಲ್ಲಿ ಬೇಕಾದಷ್ಟಿದೆ, ಬೇಡ, ನಿನ್ನ ಲೋಟದ್ದೇ ಬೇಕು, ಏನೂ ಆಗಲ್ಲಮ್ಮ, ಜೀವನವಿಡೀ ಇದನ್ನೇ ಓದಿದೀನಿ, ಅಮ್ಮ ನಕ್ಕಳು, ನೀನು ಹೇಳೋದೆಲ್ಲ ನಿಜಾನೇ ಕಣೆ, ಊರ ಮಕ್ಕಳ ವಿಷಯದಲ್ಲಿ ನಂಬ್ತೀನಿ, ನನ್ನ ಮಗಳ ವಿಷಯದಲ್ಲಿ ನಂಬೋಕೆ ಧೈರ್ಯ ಸಾಲಲ್ಲ. ಎದ್ದು ಗೋಡೆಯ ನಲ್ಲಿಯ ಕಡೆ ನಡೆದಳು, ಯಾಕೋ ತಿರುಗಿ ನೋಡಿದಳು, ಯಾಕೇ ಹಾಗೆ ನಿಂತೆ, ಸ್ಕ್ಯಾನಲ್ಲಿ ಏನಾದ್ರೂ ಬಂತಾ — ಮಗಳು ಲಕೋಟೆ ಹಿಡಿದೇ ಹತ್ತಿರ ಹೋದಳು, ಕಣ್ಣು ಓರೆಯಾದ ಲೋಟದೊಳಗೆ, ಈಗಲೂ ಕಲಕುವುದಿಲ್ಲ ಅಮ್ಮ, ಕೊಡುವುದಿಲ್ಲ, ಆದರೂ ಕಲಕುವುದಿಲ್ಲ, ಇಷ್ಟು ವರ್ಷವೂ ಮಗಳ ಪಾಲನ್ನು ಉಳಿಸಿ ಉಳಿಸಿ ತೊಳೆದಿದ್ದಾಳೆ, ನಲ್ಲಿ ತಿರುಗಿತು, ತಳದಲ್ಲಿ ಸಕ್ಕರೆ, ನೀರು, ಸಕ್ಕರೆ