ಇಪ್ಪತ್ತೊಂಬತ್ತರಿಂದ ಮೂವತ್ತು ಮೀಟರ್

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ದೂರಶಿಕ್ಷಣದ ಮೂಲಕ ಭೂವಿಜ್ಞಾನದ ಪದವಿಗೆ ಸೇರಿದಾಗ ಗಣಿ ಕಚೇರಿಯವರೆಲ್ಲ ಮೂಗು ಮುರಿದರು. ಶೆಡ್ಡಿನಲ್ಲಿ ಕಲ್ಲು ತೊಳೆಯುವವಳಿಗೆ ಇದೇನು ಹುಚ್ಚು ಎಂದರು. ಬಡ್ತಿಯ ಆಸೆ ಎಂದರು ಕೆಲವರು. ಅಂದುಕೊಳ್ಳಲಿ ಎಂದು ಬಿಟ್ಟೆ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಪೆಟ್ಟಿಗೆಯನ್ನು ಓದಲು ಸಾಕಾಗುವಷ್ಟು ವಿದ್ಯೆ.

ನನ್ನ ಕೆಲಸ ಇಷ್ಟು. ಗಣಿ ಅಗೆಯುವ ಮೊದಲು ನೆಲಕ್ಕೆ ಯಂತ್ರದಿಂದ ತೂತು ಕೊರೆದು ಒಳಗಿನ ಕಲ್ಲನ್ನು ಉದ್ದನೆಯ ಸರಳಿನ ಹಾಗೆ ಹೊರತೆಗೆಯುತ್ತಾರೆ. ಅದಕ್ಕೆ ಕೋರ್ ಎನ್ನುತ್ತಾರೆ. ತಾನಾಗಿ ಮುರಿಯದ ಕಡೆ ಪೆಟ್ಟಿಗೆಗೆ ಹಿಡಿಸುವಂತೆ ಗರಗಸದಲ್ಲಿ ಕೊಯ್ಯುತ್ತಾರೆ. ನಾನು ತೊಳೆದು, ಮೇಲಿನದ್ದು ಎಡಕ್ಕೂ ಆಳದ್ದು ಬಲಕ್ಕೂ ಬರುವಂತೆ ಜೋಡಿಸಿ, ಪ್ರತಿ ತುಂಡಿಗೂ ಮೇಲ್ತುದಿ ತೋರಿಸುವ ಬಾಣವನ್ನು ಬಣ್ಣದಲ್ಲಿ ಬರೆಯಬೇಕು. ಆಮೇಲೆ ಭೂವಿಜ್ಞಾನಿ ಬಂದು ಯಾವ ಆಳದಲ್ಲಿ ಏನಿದೆ ಎಂದು ಗುರುತು ಮಾಡಿಕೊಳ್ಳುತ್ತಾರೆ. ಅದೇ ಗಣಿಯಲ್ಲಿ ಕೊರೆಯುವ ಯಂತ್ರ ನಡೆಸುತ್ತಿದ್ದ ನನ್ನ ತಮ್ಮ ನನ್ನನ್ನು 'ಮಿಲಿಮೀಟರ್' ಎಂದೇ ಕರೆಯುತ್ತಿದ್ದ. ಊಟಕ್ಕೆ ಕೂತಾಗ ತಟ್ಟೆಯನ್ನು ಬೇಕೆಂದೇ ಒಂದಿಷ್ಟು ಸರಿಸಿ, ನಾನು ನೆಟ್ಟಗೆ ಮಾಡುತ್ತೇನಾ ಎಂದು ಕಾದು ನಗುತ್ತಿದ್ದ. ನಾನು ಮಾಡುತ್ತಿದ್ದೆ.

ಕೋರ್ಸಿಗೆ ಸೇರುವ ಎರಡು ವರ್ಷ ಮೊದಲು ಒಂದು ಬೆಳಿಗ್ಗೆ ನೂರಾ ಹದಿನಾಲ್ಕನೆಯ ಪೆಟ್ಟಿಗೆ ನನ್ನ ಕೈ ಜಾರಿತು. ಯಂತ್ರದವರು ಹಾಕಿದ್ದ ಸೀಮೆಸುಣ್ಣದ ಗುರುತನ್ನು ತೊಳೆದಾಗಿತ್ತು, ನನ್ನ ಬಾಣ ಇನ್ನೂ ಬರೆದಿರಲಿಲ್ಲ. ಚೆಲ್ಲಿದ ತುಂಡುಗಳನ್ನು ಮುರಿದ ಅಂಚು ನೋಡಿ ಕೂಡಿಸಿದೆ. ಇಪ್ಪತ್ತೊಂಬತ್ತರಿಂದ ಮೂವತ್ತು ಮೀಟರಿನ ತುಂಡಿಗೆ ಮಾತ್ರ ಎರಡೂ ತುದಿ ಗರಗಸದಲ್ಲಿ ಕೊಯ್ದದ್ದು. ಒಂದು ತುದಿಯಿಂದ ಗೇಣು ದೂರದಲ್ಲಿ ಬೆರಳಗಲದ ಜೇಡಿಮಣ್ಣಿನ ಪಟ್ಟಿ. ಯಾವ ತುದಿ ಮೇಲೆ? ಹತ್ತು ನಿಮಿಷ ನಡೆದರೆ ಆ ತೂತು ಕೊರೆದಿದ್ದ ತಮ್ಮನನ್ನೇ ಕೇಳಬಹುದಿತ್ತು. ಮಿಲಿಮೀಟರ್ ಪೆಟ್ಟಿಗೆ ಬೀಳಿಸಿದಳಂತೆ ಎಂದು ಗಣಿಗೆಲ್ಲ ಡಂಗುರ ಹೊಡೆಯುತ್ತಾನೆ ಎಂದು ಹೋಗಲಿಲ್ಲ. ನನ್ನ ಜಂಬ ಅಷ್ಟೇ, ಬೇರೆ ಕಾರಣವಿಲ್ಲ. ಅಂದಾಜಿನ ಮೇಲೆ ಒಂದು ಕಡೆ ಇಟ್ಟು ಬಾಣ ಬರೆದೆ.

ಜೇಡಿಮಣ್ಣು ನೀರು ಕುಡಿದರೆ ಜಾರುತ್ತದೆ, ಅದರ ಮೇಲೆ ಕೂತ ಬಂಡೆಯನ್ನೂ ಜಾರಿಸುತ್ತದೆ. ಆ ಪಟ್ಟಿಯಿಂದ ಕೆಳಕ್ಕೆ ಅಗೆಯಬಾರದು. ನಾವು ಕಲ್ಲು ಸಾಹೇಬರು ಎಂದು ಕರೆಯುತ್ತಿದ್ದ ಭೂವಿಜ್ಞಾನಿ ಪೆಟ್ಟಿಗೆ ನೋಡಿ, ಪಟ್ಟಿ ಇಪ್ಪತ್ತೊಂಬತ್ತು ಮುಕ್ಕಾಲು ಮೀಟರಿನಲ್ಲಿದೆ, ಇಪ್ಪತ್ತೊಂಬತ್ತೂವರೆಯವರೆಗೆ ಅಗೆಯಬಹುದು ಎಂದು ಸಹಿ ಮಾಡಿದರು. ಅಗೆದರು. ಮೂರನೆಯ ದಿನ ಗಣಿಗುಂಡಿಯ ಗೋಡೆ ಜಾರಿತು. ಅದರ ಬುಡದಲ್ಲಿ ಸಿಕ್ಕಿ ಸತ್ತವನು ನನ್ನ ತಮ್ಮ. ಎಲ್ಲರೂ ಸೇರಿ ಸಾಹೇಬರ ತಲೆ ಮೇಲೆ ಗೂಬೆ ಕೂರಿಸಿ ಕೆಲಸದಿಂದ ಕಿತ್ತುಹಾಕಿದರು. ಅಮ್ಮ ದಿನಾ ಎದ್ದ ಕೂಡಲೇ ಅವರಿಗೆ ಹಿಡಿಶಾಪ ಹಾಕುತ್ತಿದ್ದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಅಂದಾಜು ಸರಿಯಿದ್ದಿರಬಹುದಲ್ಲ?

ತಮ್ಮ ಶೆಡ್ಡಿಗೆ ಬರತೊಡಗಿದ್ದು ಆಮೇಲೆ. ಹಾಡಹಗಲಲ್ಲಿ, ತಗಡಿನ ಸೂರು ಕಾದು ಚಟಚಟ ಅನ್ನುವ ಹೊತ್ತಿಗೆ. ಮೊದಮೊದಲು ಬೂಟಿನ ಸದ್ದು ಮಾತ್ರ. ಹೋಗಿ ನೋಡಿದರೆ ನಾನು ನೀರೇ ಹಾಯಿಸದ ಸಾಲಿನಲ್ಲಿ ಒದ್ದೆ ಹೆಜ್ಜೆಗಳು. ಬರಬರುತ್ತ ಅವನೇ ಕಾಣಿಸಿದ. ಹಳದಿ ಅಂಗಿ ತೊಟ್ಟು, ನನಗೆ ಬೆನ್ನು ಹಾಕಿ, ನೂರಾ ಹದಿನಾಲ್ಕರ ಮುಂದೆ ನಿಂತಿರುತ್ತಿದ್ದ. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. "ಬಯ್ಯೋದಿದ್ರೆ ಬೈದುಬಿಡೋ! ಹೀಗೆ ನಿಂತು ಯಾಕೆ ಪ್ರಾಣ ತಿಂತೀಯ?" ಎಂದು ಒಂದು ದಿನ ಕೂಗಿಯೂ ಬಿಟ್ಟೆ. ಅವನು ತಿರುಗಲಿಲ್ಲ. ಮಾರನೆಯ ವಾರ ಅರ್ಜಿ ತುಂಬಿ ಕೋರ್ಸಿಗೆ ಸೇರಿದೆ.

ಅಂಚೆಯಲ್ಲಿ ಪುಸ್ತಕಗಳು ಬಂದವು, ಹನ್ನೆರಡು ಕಲ್ಲಿನ ಮಾದರಿಗಳಿದ್ದ ಡಬ್ಬಿಯೂ ಬಂತು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದೆ. "ಕಲ್ಲು ನನ್ ಮಗನ್ನ ತಿಂತು, ನೀನು ಅದನ್ನೇ ತಂದಿಟ್ಕೊಂಡು ಮುದ್ದು ಮಾಡ್ತಿದೀಯ" ಎಂದು ಅಮ್ಮ ಪಾತ್ರೆ ಕುಕ್ಕಿದಳು.

ಪ್ರಾಯೋಗಿಕ ಪುಸ್ತಕಕ್ಕೆ ಹತ್ತಿರದ ಭೂವಿಜ್ಞಾನ ಪದವೀಧರರೊಬ್ಬರ ಸಹಿ ಹಾಕಿಸಬೇಕೆಂದು ನಿಯಮ. ನಮ್ಮ ಊರಿನಲ್ಲಿದ್ದವರು ಒಬ್ಬರೇ. ಕೆಲಸ ಹೋದ ಮೇಲೆ ಬಾವಿ ನೀರು ಪರೀಕ್ಷೆ ಮಾಡಿಕೊಡುತ್ತ, ಬಾಟಲಿಗಳು ತುಂಬಿದ ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಅಮ್ಮನಿಗೆ ಹೇಳದೆ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ ಸಾಹೇಬರ ಮುಖ ಬಿಳಿಚಿಕೊಂಡಿತು. ಬಯ್ಯಲು ಬಂದಿದ್ದಾಳೆ ಎಂದುಕೊಂಡಿರಬೇಕು. ಪುಸ್ತಕ ಚಾಚಿದೆ. ಕುರ್ಚಿ ಒರೆಸಿ ಕೊಟ್ಟರು. ಮೂರು ವರ್ಷ ಭಾನುವಾರಗಳಂದು ಪಾಠ ಹೇಳಿದರು. ನನ್ನ ಮುಖ ನೋಡಿ ಮಾತ್ರ ಮಾತಾಡುತ್ತಿರಲಿಲ್ಲ. ಅವರು ತಲೆ ತಗ್ಗಿಸಿದಷ್ಟೂ ನಾನು ಪುಸ್ತಕದ ಮೇಲೆ ಬಗ್ಗುತ್ತಿದ್ದೆ.

ನನಗೆ ಬೇಕಾಗಿದ್ದ ಪಾಠ ಕೊನೆಯ ವರ್ಷ ಬಂತು. ನಿಂತ ನೀರಿನ ತಳದಲ್ಲಿ ಮೊದಲು ದಪ್ಪ ಮರಳು ಕೂರುತ್ತದೆ, ಅದರ ಮೇಲೆ ಸಣ್ಣದು, ಎಲ್ಲಕ್ಕಿಂತ ಮೇಲೆ ನುಣ್ಣನೆಯ ಕೆಸರು. ಕಲ್ಲಾದ ಮೇಲೂ ಆ ಕ್ರಮ ಹಾಗೇ ಉಳಿಯುತ್ತದೆ. ಅಂದರೆ ದಪ್ಪ ಕಾಳು ಇರುವ ಕಡೆಯೇ ಬುಡ. ಯಾವುದಾದರೂ ಒಂದು ಪೆಟ್ಟಿಗೆಯನ್ನು ಹೀಗೆ ಓದಿ ವರದಿ ಬರೆಯುವುದು ನಮ್ಮ ಕೊನೆಯ ಅಭ್ಯಾಸ.

ನೂರಾ ಹದಿನಾಲ್ಕನ್ನು ಇಳಿಸಿದೆ. ಆ ತುಂಡನ್ನು ಒದ್ದೆ ಮಾಡಿ ಭೂತಗನ್ನಡಿ ಹಿಡಿದೆ. ಪಕ್ಕದಲ್ಲಿ ಬೂಟಿನ ಸದ್ದಾಯಿತು, ತಲೆ ಎತ್ತಲಿಲ್ಲ. ದಪ್ಪ ಕಾಳುಗಳು ಇದ್ದದ್ದು ನನ್ನ ಬಾಣ 'ಮೇಲೆ' ಎಂದು ತೋರಿಸುತ್ತಿದ್ದ ಕಡೆ. ಆರು ಪದರ ನೋಡಿದೆ, ಆರೂ ಹಾಗೇ. ತುಂಡು ತಲೆಕೆಳಗಾಗಿತ್ತು. ಜೇಡಿ ಇದ್ದದ್ದು ಇಪ್ಪತ್ತೊಂಬತ್ತೂಕಾಲು ಮೀಟರಿನಲ್ಲಿ. ಅವರು ಅದರ ಕೆಳಕ್ಕೇ ಅಗೆದಿದ್ದರು. ನನ್ನ ತಮ್ಮನನ್ನು ನಾನೇ ಕೊಂದಿದ್ದೆ.

ಭಾನುವಾರ ಸಾಹೇಬರ ಮುಂದೆ ಎರಡು ಕಾಗದ ಇಟ್ಟೆ. ಒಂದು ವರದಿ. ಇನ್ನೊಂದು, ತಪ್ಪು ಅವರದ್ದಲ್ಲ, ನನ್ನದು ಎಂದು ಗಣಿಯವರಿಗೆ ಬರೆದ ಪತ್ರ. ಎರಡನ್ನೂ ನಿಧಾನವಾಗಿ ಓದಿದರು. ನನ್ನ ಮುಖವನ್ನು ಅಂದು ಮೊದಲ ಸಲ ನೋಡಿದರು.

"ವರದಿ ಸರಿ ಇದೆ. ಪತ್ರ ಅರ್ಧ ಸರಿ," ಎಂದರು. "ಆವತ್ತು ನನಗೂ ಅನುಮಾನ ಬಂದಿತ್ತು. ಆ ತುಂಡು ಎತ್ಕೊಂಡು ಭೂತಗನ್ನಡಿ ತೆಗೆದಿದ್ದೆ. ನೀವು ಹೊರಗೆ ನಲ್ಲಿ ಹತ್ರ ಇದ್ರಿ. ನಿಮ್ಮ ತಮ್ಮ ಬೀಗದ ಕೈ ತಗೊಳ್ಳೋಕೆ ಒಳಗೆ ಬಂದ."

"ಏನಂದ?"

"'ನಮ್ಮಕ್ಕ ಇಟ್ಟಿದ್ದು ಸಾರ್, ಅದರಲ್ಲಿ ನೋಡೋದೇನಿದೆ' ಅಂದ. ನಾನು ಕನ್ನಡಿ ಜೇಬಿಗೆ ಹಾಕ್ಕೊಂಡೆ."

ಅವನ ಬಾಯಿಂದ ಒಂದು ಬೈಗುಳ ಬೀಳಲಿ ಎಂದು ಐದು ವರ್ಷ ಕಾದಿದ್ದೆ. ಬೈಗುಳವಾದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಇದನ್ನು ತಗೊಂಡು ಎಲ್ಲಿಗೆ ಹೋಗಲಿ?

"ಇನ್ನೊಂದ್ಸಲ ಹೇಳಿ ಸಾರ್. ಅವನು ಹೇಗೆ ಹೇಳಿದ್ನೋ ಹಾಗೇ ಹೇಳಿ."

ಅವರು ಹೇಳಿದರು. ಮತ್ತೆ ಕೇಳಿದೆ, ಮತ್ತೆ ಹೇಳಿದರು. ನಗುನಗುತ್ತ ಹೇಳಲು ಮಾತ್ರ ಅವರಿಂದ ಆಗಲಿಲ್ಲ. ವರದಿಯನ್ನು ಅಲ್ಲೇ ಬಿಟ್ಟು, ಪತ್ರವನ್ನು ಅಂಚೆಗೆ ಹಾಕಲು ಎದ್ದೆ.