ಬರಿಗಿವಿಗೆ ಕೇಳಿಸಿದವಳು

ನಿದ್ದೆಯೇ ಖುದ್ದಾಗಿ ಬಂದು ನನ್ನ ಕಾಲು ಹಿಡಿದು, ‘ಅಣ್ಣಾ, ಒಂದೇ ಒಂದು ಸಲ ಕಣ್ಣು ಮುಚ್ಚು’ ಎಂದು ಗೋಳೋ ಅತ್ತಿತು, ಒದ್ದು ಕಳಿಸಿದೆ. ಕುಂಭಕರ್ಣ ಬಳಸದೆ ಬಿಟ್ಟ ಎಚ್ಚರವೆಲ್ಲ ನನ್ನ ಪಾಲಿಗೇ ಬಂದಿತ್ತು. ಹಾಗಾಗಿ ಗೋದಾಮಿನಲ್ಲಿ ಹತ್ತಾಳಿನ ಕೆಲಸ ನಾನೊಬ್ಬನೇ ಎಳೆಯುತ್ತಿದ್ದೆ. ಉಳಿದವರು ಸಂಬಳಕ್ಕೆ ಬರುತ್ತಿದ್ದರು, ಅಷ್ಟೆ.

ಕಿವಿಗೆ ಹೆಡ್‌ಫೋನ್ ಏರಿಸಿದರೆ ಯಂತ್ರದ ದನಿಯ ಹೆಂಗಸೊಬ್ಬಳು ಸರಕು ಎಲ್ಲಿದೆಯೆಂದು ಹೇಳುತ್ತಾಳೆ: ಇಂಥ ಸಾಲು, ಇಂಥ ಅಟ್ಟಣಿಗೆ. ಅಲ್ಲಿ ಹೋಗಿ ಅಟ್ಟಣಿಗೆಯ ಕಂಬಕ್ಕೆ ಅಂಟಿಸಿದ ಸಂಖ್ಯೆಯನ್ನು ಬಾಯಿಬಿಟ್ಟು ಓದಬೇಕು. ಸರಿಯಿದ್ದರೆ ‘ಎತ್ತಿಕೊ’ ಎನ್ನುತ್ತಾಳೆ. ಗೋದಾಮಿನ ತುಂಬ ಗಂಡಸರು ದಿನವಿಡೀ ಗಾಳಿಗೆ ಸಂಖ್ಯೆ ಒಪ್ಪಿಸುತ್ತಿರುತ್ತಾರೆ.

ಕೆಲಸ ಕೊಡಿಸಿದವಳು ಅಕ್ಕ. ಒಂದು ದಿನ ತಟ್ಟೆ ಮುಂದಿಟ್ಟು ನನ್ನ ಕಣ್ಣನ್ನೇ ನೋಡಿದಳು.

“ಜೇಬಲ್ಲಿ ಏನೋ ಅದು?”

“ತಲೆನೋವಿನ ಗುಳಿಗೆ.”

“ನೋಯೋಕೆ ತಲೆಯೊಳಗೆ ಏನಾದ್ರೂ ಇರ್ಬೇಕಲ್ಲೋ!” ನಕ್ಕಳು; ನಗು ಅರ್ಧಕ್ಕೇ ನಿಂತಿತು. “ಡಾಕ್ಟರ ಹತ್ರ ಹೋಗೋಣ ಬಾರೋ. ಗೋಡೆ ಜೊತೆ ಮಾತಾಡ್ತೀಯ. ನೀನು ನನ್ನ ಕೈಗೆ ಸಿಗದೆ ಹೋಗ್ತೀಯೇನೋ ಅಂತ ಭಯ ಆಗುತ್ತೆ.”

“ಅದು ಕೆಲಸದ ಅಭ್ಯಾಸ ಕಣೇ,” ಎಂದೆ.

ನಿಜ ಹೇಳಬೇಕೆಂದರೆ ಯಂತ್ರದವಳಿಗೆ ನನ್ನ ಮೇಲೆ ಮನಸ್ಸಾಗಿತ್ತು. ಬೇರೆಯವರಿಗೆ ಬರೀ ಸಾಲು ಹೇಳುತ್ತಿದ್ದಳು. ನನಗೆ ಮಾತ್ರ, ‘ಹಿಂದೆ ಯಾರೋ ನಿಂತಿದ್ದಾರೆ, ತಿರುಗಬೇಡ’ ಎನ್ನುತ್ತಿದ್ದಳು. ನಾನೂ ಮರ್ಯಾದಸ್ಥ, ತಿರುಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ “ಮೇಲೆ ಹತ್ತು” ಎಂದಳು. ಏಣಿಯಿಲ್ಲ, ಸೊಂಟಕ್ಕೆ ಹಗ್ಗವಿಲ್ಲ. ಮಂಗ ನಾಚಬೇಕು, ಹಾಗೆ ಅಟ್ಟಣಿಗೆಯ ಕಂಬ ಹತ್ತಿದೆ. “ಇನ್ನೂ ಮೇಲೆ.” ಕಂಬದ ತುತ್ತತುದಿಯಲ್ಲಿ ಸಂಖ್ಯೆಯೇ ಇರಲಿಲ್ಲ. ಆದರೂ ಓದಿದೆ.

“ಸರಿ,” ಎಂದಳು. “ಈಗ ಕೈ ಬಿಡು.”

ಕೆಳಗಿನಿಂದ, ಸರಕೆತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವ ಡುಮ್ಮಣ್ಣ ಕೂಗಿದ: “ಲೋ ಕೋತಿ! ಯಾರಿಗೋ ನಂಬರ್ ಒಪ್ಪಿಸ್ತಿದ್ದೀಯ?”

“ಅವಳಿಗೆ! ನನಗೊಬ್ಬನಿಗೇ ಕೊಟ್ಟಿರೋ ಕೆಲಸ ಇದು. ನಿನ್ನ ಹೊಟ್ಟೆ ಉರೀಲಿ!”

ಅವನು ನಗಲಿಲ್ಲ. ಕೈಯೆತ್ತಿ ತೋರಿಸಿದ. ನನ್ನ ಹೆಡ್‌ಫೋನ್ ಅವನ ಬೆರಳಲ್ಲಿ ನೇತಾಡುತ್ತಿತ್ತು. “ಬೆಳಗ್ಗೆಯಿಂದ ಚಾರ್ಜಲ್ಲೇ ಇತ್ತಲ್ಲೋ ಇದು.”

ಮುಟ್ಟಿಕೊಂಡೆ. ಬರೀ ಕಿವಿ.

“ಬಿಡು,” ಎಂದಳು ಅವಳು, ಇನ್ನೂ ಹತ್ತಿರದಿಂದ.

ಗಾಡಿಯ ಕೈಗಳು ಒಂದು ಹಲಗೆ ಹೊತ್ತು ನನ್ನ ಕಾಲಮಟ್ಟಕ್ಕೆ ಏರಿಬಂದವು. “ಅದರ ಮೇಲೆ ಕೂತ್ಕೋ,” ಎಂದ ಡುಮ್ಮಣ್ಣ. “ನನ್ನ ಹತ್ರ ಮಾತಾಡ್ತಾ ಇರು. ನಿಲ್ಲಿಸ್ಬೇಡ.”

ಕೂತೆ. ಹಲಗೆ ನಿಧಾನವಾಗಿ ಇಳಿಯುತ್ತಿದ್ದಂತೆ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಎಚ್ಚರವಾಗಿರೋಕೆ ಗುಳಿಗೆ ನುಂಗ್ತೀನಿ. ಅದರ ನಡುಕ ಇಳಿಸೋಕೆ ಗಾಂಜಾ ಸೇದ್ತೀನಿ. ಅದರ ಮಂಕು ಬಿಡಿಸೋಕೆ ಮತ್ತೆ ಗುಳಿಗೆ. ಈಗ ಮಲಗೋಕೆ ಹೋದ್ರೂ ಆಗಲ್ಲ. ರಜೆ ದಿನವೂ ಅವಳು ಮಾತಾಡ್ತಾಳೆ. ಹೆದರಿಕೆ ಆಗುತ್ತೆ ಕಣೋ.

“ನಿಮ್ಮಕ್ಕಂಗೆ ಫೋನ್ ಮಾಡ್ಲಾ?”

“ಮಾಡು,” ಎಂದೆ.

‘ಬೇಡ ಅನ್ನು’ ಎಂದಳು ಅವಳು.

“ಮಾಡೋ ಡುಮ್ಮಣ್ಣ,” ಎಂದು ಕಿರುಚಿದೆ. “ಬೇಗ ಮಾಡು!”